ಒಂದನೇ ತರಗತಿಗೆ ಮುನ್ನ: ಸರ್ಕಾರಿ, ಅನುದಾನಿತ, ಖಾಸಗಿ ಶಾಲೆ ಮತ್ತು ಮನೆಶಿಕ್ಷಣದ ನಡುವೆ ಆರಿಸಿಕೊಳ್ಳುವ ಬಗೆ

ಮಗುವಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಮನೆಗೆ ಬಂದವರೆಲ್ಲ 'ಯಾವ ಸ್ಕೂಲಿಗೆ ಹಾಕ್ತೀರಿ?' ಎಂದು ಕೇಳಲು ತೊಡಗುತ್ತಾರೆ. ಉತ್ತರ ಹೊಳೆಯದ ಪೋಷಕರು ಪಕ್ಕದ ಮನೆಯವರು ಹಾಕಿದ ಶಾಲೆಗೇ ತಮ್ಮ ಮಗುವನ್ನೂ ಹಾಕುತ್ತಾರೆ, ಇಲ್ಲವೇ ಹಳದಿ ಬಸ್ಸು ಬಾಗಿಲಿಗೆ ಬರುತ್ತದೆಂಬ ಒಂದೇ ಕಾರಣಕ್ಕೆ ಊರಾಚೆಯ ಶಾಲೆಯನ್ನು ಒಪ್ಪಿಕೊಳ್ಳುತ್ತಾರೆ. ನಾವೂ ಹಾಗೆಯೇ ಮಾಡಿದವರು. ಹಿರಿಯ ಮಗಳನ್ನು ಖಾಸಗಿ ಶಾಲೆಗೆ ಸೇರಿಸಿ, ಎರಡನೇ ತರಗತಿ ಮುಗಿದ ಮೇಲೆ ಅಲ್ಲಿಂದ ಬಿಡಿಸಿ ಅನುದಾನಿತ ಶಾಲೆಗೆ ಹಾಕಿದೆವು; ಮಗನನ್ನು ಮೊದಲಿನಿಂದಲೂ ಮನೆ ಹತ್ತಿರದ ಸರ್ಕಾರಿ ಶಾಲೆಗೆ ಕಳುಹಿಸಿದೆವು. ಈ ಎರಡು ಸುತ್ತಿನ ಓಡಾಟದಲ್ಲಿ ತಿಳಿದುಕೊಂಡದ್ದನ್ನು, ಕರ್ನಾಟಕದಲ್ಲಿ ಜಾರಿಯಲ್ಲಿರುವ ನಿಯಮಗಳ ಜೊತೆಗೆ, ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಮೂರು ತರಗತಿಗಳ ಮಟ್ಟಿಗೆ ಶಾಲೆ ಸರ್ಕಾರದ್ದೋ ಖಾಸಗಿಯದ್ದೋ ಎಂಬುದಕ್ಕಿಂತ, ಅದು ಮಗು ನಡೆದು ಹೋಗುವಷ್ಟು ಹತ್ತಿರವಿದೆಯೇ, ಅಲ್ಲಿ ಆಡುವ ಮಾತು ಮಗುವಿಗೆ ಅರ್ಥವಾಗುತ್ತದೆಯೇ, ಕಲಿಸುವ ಶಿಕ್ಷಕಿ ವರ್ಷವಿಡೀ ಅದೇ ಕೊಠಡಿಯಲ್ಲಿ ಇರುತ್ತಾರೆಯೇ ಎಂಬ ಮೂರು ಸಂಗತಿಗಳು ಹೆಚ್ಚು ಮುಖ್ಯ. ಪಠ್ಯಕ್ರಮ, ಕಟ್ಟಡ, ಈಜುಕೊಳ ಇವೆಲ್ಲ ಆಮೇಲಿನ ಮಾತು.

ಹೆಜ್ಜೆ 1: ಜೂನ್ 1ರ ಲೆಕ್ಕ

ಒಂದನೇ ತರಗತಿಗೆ ಸೇರುವ ವರ್ಷದ ಜೂನ್ 1ಕ್ಕೆ ಮಗುವಿಗೆ 6 ವರ್ಷ ತುಂಬಿರಬೇಕು ಎಂಬುದು ರಾಜ್ಯದ ನಿಯಮ. 2025-26ನೇ ಸಾಲಿಗೆ ಮಾತ್ರ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ 5 ವರ್ಷ 5 ತಿಂಗಳು ಸಾಕೆಂದು ಸಡಿಲಿಕೆ ನೀಡಲಾಯಿತು. ಇಂಥ ಸಡಿಲಿಕೆ ಪ್ರತಿ ವರ್ಷವೂ ಸಿಗುತ್ತದೆಂದು ನಂಬಿ ಕೂರಬಾರದು. ಆಯಾ ವರ್ಷದ ಆದೇಶವನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ, ಅಂದರೆ ಎಲ್ಲರೂ ಬಿಇಒ ಆಫೀಸು ಎನ್ನುವಲ್ಲಿ, ಕೇಳಿ ಖಚಿತಪಡಿಸಿಕೊಳ್ಳಬೇಕು.

ಲೆಕ್ಕವನ್ನು ಒಂದನೇ ತರಗತಿಯಿಂದ ಹಿಂದಕ್ಕೆ ಹಾಕಬೇಕು. 2020ರ ಆಗಸ್ಟ್ 15ರಂದು ಹುಟ್ಟಿದ ಮಗುವಿಗೆ 2026ರ ಜೂನ್ 1ಕ್ಕೆ 5 ವರ್ಷ 9 ತಿಂಗಳಾಗುತ್ತದೆ, ಆರು ತುಂಬುವುದಿಲ್ಲ. ನಿಯಮದಂತೆ ಅದು ಒಂದನೇ ತರಗತಿಗೆ ಸೇರುವುದು 2027ರಲ್ಲಿ, ಯುಕೆಜಿಗೆ 2026ರಲ್ಲಿ, ಎಲ್‌ಕೆಜಿಗೆ 2025ರಲ್ಲಿ. 'ಮಗು ಚುರುಕಾಗಿದೆ, ಈಗಲೇ ಎಲ್‌ಕೆಜಿಗೆ ಹಾಕಿ' ಎನ್ನುವ ಶಾಲೆಗಳು ಬೇಕಾದಷ್ಟಿವೆ. ಮೂರೂವರೆ ವರ್ಷಕ್ಕೇ ಎಲ್‌ಕೆಜಿಗೆ ಸೇರಿದ ಮಗು ಯುಕೆಜಿ ಮುಗಿಸಿದಾಗ ಐದೂವರೆಯ ಆಸುಪಾಸಿನಲ್ಲಿದ್ದು, ಮತ್ತೊಂದು ವರ್ಷ ಅದೇ ಯುಕೆಜಿಯಲ್ಲಿ ಕೂರಬೇಕಾದ ಪ್ರಸಂಗ ಬರುತ್ತದೆ. ಆ ವರ್ಷದ ಶುಲ್ಕವನ್ನು ತೆರುವವರು ಪೋಷಕರೇ. ಆರು ವರ್ಷದವರೆಗೆ ಅಂಗನವಾಡಿ ಇದೆ ಎಂಬುದನ್ನೂ ಪೇಟೆಯ ಪೋಷಕರು ಮರೆತೇಬಿಟ್ಟಿದ್ದಾರೆ.

ಖಾಸಗಿ ಶಾಲೆಗಳ ದಾಖಲಾತಿ ಹಿಂದಿನ ನವೆಂಬರ್, ಡಿಸೆಂಬರ್ ಹೊತ್ತಿಗೇ ಶುರುವಾಗುತ್ತದೆ, ಸರ್ಕಾರಿ ಶಾಲೆಗಳದ್ದು ಬೇಸಿಗೆ ರಜೆಯ ಕೊನೆಯಲ್ಲಿ. ಆದ್ದರಿಂದ ಹುಡುಕಾಟವನ್ನು ದಸರೆ ರಜೆ ಮುಗಿದ ಕೂಡಲೇ ಆರಂಭಿಸಿದರೆ ಎಲ್ಲ ಬಗೆಯ ಶಾಲೆಗಳನ್ನೂ ನಡೆಯುತ್ತಿರುವಾಗಲೇ ನೋಡಲು ಸಮಯ ಸಿಗುತ್ತದೆ. ಏಪ್ರಿಲ್‌ನಲ್ಲಿ ಹೋದರೆ ಕಾಣುವುದು ಬೀಗ ಹಾಕಿದ ಕೊಠಡಿಗಳು ಮತ್ತು ಬಣ್ಣದ ಕರಪತ್ರ ಮಾತ್ರ.

ಹೆಜ್ಜೆ 2: ಮನೆಯನ್ನು ನಡುವಿಟ್ಟು ಶಾಲೆಗಳ ಪಟ್ಟಿ

ಮೊದಲು ಮನೆಯಿಂದ 1 ಕಿಲೋಮೀಟರ್ ಒಳಗಿನ ಶಾಲೆಗಳನ್ನೆಲ್ಲ ಬರೆದುಕೊಳ್ಳಿ, ಆಮೇಲೆ 3 ಕಿಲೋಮೀಟರ್ ಒಳಗಿನವನ್ನು. ಈ ಅಂಕಿಗಳು ನನ್ನ ಕಲ್ಪನೆಯಲ್ಲ; ಶಿಕ್ಷಣ ಹಕ್ಕು ಕಾಯ್ದೆಯ ಕೇಂದ್ರ ನಿಯಮಾವಳಿಯಲ್ಲಿ 1ರಿಂದ 5ನೇ ತರಗತಿಗೆ ನೆರೆಹೊರೆ ಎಂದರೆ 1 ಕಿಲೋಮೀಟರ್, 6ರಿಂದ 8ಕ್ಕೆ 3 ಕಿಲೋಮೀಟರ್ ಎಂದೇ ಇದೆ. ಬೆಂಗಳೂರಿನಂಥ ಊರಿನಲ್ಲಿ ಆರು ವರ್ಷದ ಮಗು ಬೆಳಗ್ಗೆ ಮುಕ್ಕಾಲು ಗಂಟೆ, ಸಂಜೆ ಒಂದು ಗಂಟೆ ಬಸ್ಸಿನಲ್ಲಿ ತೂಕಡಿಸುತ್ತ ಕಳೆಯುವುದನ್ನು ನಾವು ಎರಡು ವರ್ಷ ನೋಡಿದ್ದೇವೆ. ಆ ಹೊತ್ತಿನಲ್ಲಿ ಅದು ಬೀದಿಯಲ್ಲಿ ಕುಂಟೆಬಿಲ್ಲೆ ಆಡಬಹುದಿತ್ತು.

ಪಟ್ಟಿ ಮಾಡುವಾಗ ಸರ್ಕಾರಿ, ಖಾಸಗಿ ಎಂಬ ಎರಡೇ ಕಂಬಸಾಲು ಸಾಲದು. ಸರ್ಕಾರಿ ಶಾಲೆಗಳಲ್ಲೇ 1ರಿಂದ 5ರವರೆಗಿನ ಕಿರಿಯ ಪ್ರಾಥಮಿಕ, 7 ಅಥವಾ 8ರವರೆಗಿನ ಹಿರಿಯ ಪ್ರಾಥಮಿಕ, ಮತ್ತು ಶಾಲಾಪೂರ್ವ ತರಗತಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಯಲೆಂದು ರೂಪಿಸಿದ ಕರ್ನಾಟಕ ಪಬ್ಲಿಕ್ ಶಾಲೆ ಎಂಬ ಬಗೆಗಳಿವೆ. ಖಾಸಗಿಯಲ್ಲಿ ಅನುದಾನಿತ ಮತ್ತು ಅನುದಾನರಹಿತ ಎಂಬ ಭೇದವಿದೆ. ಅನುದಾನಿತ ಶಾಲೆಯಲ್ಲಿ ಆಡಳಿತ ಖಾಸಗಿ ಸಂಸ್ಥೆಯದ್ದು, ಶಿಕ್ಷಕರ ಸಂಬಳ ಸರ್ಕಾರದ್ದು. ಶುಲ್ಕ ಕಡಿಮೆ, ಬಿಸಿಯೂಟವೂ ಇರುತ್ತದೆ. ಹಳೆಯ ಪಟ್ಟಣಗಳ ನಡುಪೇಟೆಯಲ್ಲಿ, ಬಸ್ ನಿಲ್ದಾಣಕ್ಕೋ ದೇವಸ್ಥಾನದ ಬೀದಿಗೋ ಅಂಟಿಕೊಂಡು, ಜಾಹೀರಾತಿಲ್ಲದೆ ನಡೆಯುತ್ತಿರುವ ಈ ಶಾಲೆಗಳನ್ನು ಪೋಷಕರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಮೊದಲು ವಿಚಾರಿಸಬೇಕಾದದ್ದು ಇವುಗಳನ್ನೇ.

ಹೆಜ್ಜೆ 3: ಕಾಗದಪತ್ರ ನೋಡುವುದು

ಈ ಹೆಜ್ಜೆ ಅನುದಾನರಹಿತ ಶಾಲೆಗಳಿಗೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 18ನೇ ಕಲಮಿನಂತೆ ಮಾನ್ಯತೆ ಇಲ್ಲದೆ ಶಾಲೆ ನಡೆಸುವಂತಿಲ್ಲ; ನಡೆಸಿದರೆ 1 ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000 ರೂಪಾಯಿ. ಮಾನ್ಯತೆ ಪತ್ರವನ್ನು ಕೇಳಿ, ಅದರಲ್ಲಿ ಮೂರನ್ನು ಓದಿ: ಯಾವ ತರಗತಿಯವರೆಗೆ ಮಾನ್ಯತೆ, ಯಾವ ಮಾಧ್ಯಮಕ್ಕೆ, ಯಾವ ಪಠ್ಯಕ್ರಮಕ್ಕೆ.

ಮೂರನೆಯದರಲ್ಲೇ ನಾವು ಎಡವಿದ್ದು. ಶಾಲೆಯ ಫಲಕದಲ್ಲಿ ಸಿಬಿಎಸ್‌ಇ ಎಂಬ ಅಕ್ಷರಗಳು ದೊಡ್ಡದಾಗಿದ್ದವು, ಅದರ ಕೆಳಗೆ 'ಪ್ಯಾಟರ್ನ್' ಎಂಬುದು ಬೆರಳಗಲದಷ್ಟು ಸಣ್ಣದಾಗಿತ್ತು. ಎರಡು ವರ್ಷದ ನಂತರ ತಿಳಿದದ್ದು ಏನೆಂದರೆ, ಶಾಲೆಗೆ ಇದ್ದದ್ದು ರಾಜ್ಯ ಪಠ್ಯಕ್ರಮದ ಮಾನ್ಯತೆ ಮಾತ್ರ. ರಾಜ್ಯ ಪಠ್ಯಕ್ರಮದಲ್ಲಿ ತಪ್ಪೇನೂ ಇಲ್ಲ. ಆದರೆ ಸಿಬಿಎಸ್‌ಇ ಹೆಸರಿನಲ್ಲಿ ಹೆಚ್ಚುವರಿ ಶುಲ್ಕ ತೆತ್ತವರಿಗೆ ಅದನ್ನು ಹೇಳಬೇಕಿತ್ತು. 'ಪ್ಯಾಟರ್ನ್', 'ಮಾದರಿ', 'ಪ್ರಸ್ತಾವಿತ' ಎಂಬ ಪದಗಳು ಕಂಡಲ್ಲಿ ಸಿಬಿಎಸ್‌ಇ ಮಂಡಳಿ ಶಾಲೆಗೆ ಕೊಡುವ ಸಂಯೋಜನೆ (ಅಫಿಲಿಯೇಷನ್) ಸಂಖ್ಯೆಯನ್ನು ಕೇಳಿ, ಮಂಡಳಿಯ ಜಾಲತಾಣದಲ್ಲಿ ಅದನ್ನು ಹಾಕಿ ನೋಡಿ. ಹಾಗೆಯೇ ಪ್ರತಿ ಶಾಲೆಗೂ ಯುಡೈಸ್ ಎಂಬ 11 ಅಂಕಿಗಳ ಸಂಕೇತವಿದ್ದು, ಕರ್ನಾಟಕದ ಶಾಲೆಗಳದ್ದು 29ರಿಂದ ಶುರುವಾಗುತ್ತದೆ. ಅದನ್ನು ಬಳಸಿ ಶಿಕ್ಷಕರ ಸಂಖ್ಯೆ, ಕೊಠಡಿ, ಶೌಚಾಲಯದ ಮಾಹಿತಿಯನ್ನು ಯಾರು ಬೇಕಾದರೂ ನೋಡಬಹುದು.

ಒಂದನೇ ತರಗತಿಯ ಪ್ರವೇಶಕ್ಕೆ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಸಂದರ್ಶಿಸುವುದು, ಪರೀಕ್ಷೆ ನಡೆಸುವುದು ಕಾಯ್ದೆಯ 13ನೇ ಕಲಮಿನಂತೆ ನಿಷಿದ್ಧ. ಮೊದಲ ಸಲಕ್ಕೆ 25,000, ಆನಂತರ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ ದಂಡವಿದೆ. ಘೋಷಿತ ಶುಲ್ಕದ ಹೊರತಾಗಿ ವಂತಿಗೆ ಕೇಳಿದರೆ ಅದರ ಹತ್ತು ಪಟ್ಟಿನವರೆಗೆ ದಂಡ. 'ಸುಮ್ಮನೆ ಮಗುವನ್ನು ಮಾತನಾಡಿಸುತ್ತೇವೆ' ಎನ್ನುವ ಶಾಲೆಯು ಕಾನೂನನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತದೆಂದು ಅಲ್ಲೇ ತಿಳಿಯುತ್ತದೆ.

ಹೆಜ್ಜೆ 4: ಹತ್ತು ವರ್ಷದ ಖರ್ಚು

ಈ ವರ್ಷದ ಶುಲ್ಕ ಕಟ್ಟಬಲ್ಲೆವೇ ಎಂದು ನೋಡಿದರೆ ಸಾಲದು. ಒಂದನೇ ತರಗತಿಗೆ ವರ್ಷಕ್ಕೆ 60,000 ರೂಪಾಯಿ ಇದ್ದು, ಪ್ರತಿ ವರ್ಷ ನೂರಕ್ಕೆ ಹತ್ತರಂತೆ ಏರಿದರೆ ಹತ್ತನೇ ತರಗತಿಯ ಹೊತ್ತಿಗೆ ಅದು ಸುಮಾರು 1 ಲಕ್ಷ 41 ಸಾವಿರವಾಗುತ್ತದೆ; ಹತ್ತು ವರ್ಷದ ಒಟ್ಟು ಮೊತ್ತ ಸುಮಾರು 9 ಲಕ್ಷ 56 ಸಾವಿರ. ಬಸ್ಸು, ಪುಸ್ತಕ, ಸಮವಸ್ತ್ರ, ವಾರ್ಷಿಕೋತ್ಸವದ ವೇಷ ಇದರಲ್ಲಿ ಸೇರಿಲ್ಲ. ಇಬ್ಬರು ಮಕ್ಕಳಿದ್ದರೆ ಎರಡರಿಂದ ಗುಣಿಸಿ. ಏರಿಕೆಗೆ ಸರ್ಕಾರ ಕಡಿವಾಣ ಹಾಕುತ್ತದೆಂಬ ಭರವಸೆಯನ್ನೂ ಇಟ್ಟುಕೊಳ್ಳಬೇಡಿ. ಅನುದಾನರಹಿತ ಶಾಲೆಗಳ ಶುಲ್ಕ ನಿಯಂತ್ರಿಸುವ ರಾಜ್ಯ ಶಿಕ್ಷಣ ಕಾಯ್ದೆಯ ಕೆಲವು ಕಲಮುಗಳನ್ನು ಹೈಕೋರ್ಟ್ 2023ರ ಜನವರಿಯಲ್ಲಿ ಅಸಾಂವಿಧಾನಿಕವೆಂದು ಸಾರಿತು.

ಆರ್‌ಟಿಇ ಸೀಟಿನ, ಅಂದರೆ ಇದೇ ಶಿಕ್ಷಣ ಹಕ್ಕು ಕಾಯ್ದೆಯಡಿ ಸಿಗುವ ಸೀಟಿನ ಬಗ್ಗೆ ಒಂದು ಮಾತು. ಖಾಸಗಿ ಶಾಲೆಗಳಲ್ಲಿ ಶೇ. 25 ಸೀಟು ದುರ್ಬಲ ವರ್ಗದ ಮಕ್ಕಳಿಗೆ ಎಂಬ ನಿಯಮವನ್ನು ನೆಚ್ಚಿಕೊಂಡು ಇಂದಿಗೂ ಅನೇಕರು ಕಚೇರಿಗೆ ಅಲೆಯುತ್ತಾರೆ. ಆದರೆ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಅನುದಾನರಹಿತ ಶಾಲೆಗೆ ಈ ಹೊಣೆ ಇಲ್ಲವೆಂದು ರಾಜ್ಯ ತನ್ನ ನಿಯಮವನ್ನು ತಿದ್ದಿತು, 2019ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗಾಗಿ ನಿಮ್ಮ ವಾರ್ಡಿನಲ್ಲಿ ಅಂಥ ಸೀಟು ಇದೆಯೇ ಎಂದು ಬಿಇಒ ಕಚೇರಿಯಲ್ಲಿ ಕೇಳಿದ ಮೇಲೆಯೇ ಆದಾಯ ಪ್ರಮಾಣಪತ್ರಕ್ಕೆ ಓಡಾಡಿ.

ಹೆಜ್ಜೆ 5: ಮಾಧ್ಯಮ

ಶಾಲೆಗಿಂತ ಮೊದಲು ತೀರ್ಮಾನವಾಗಬೇಕಾದ ವಿಷಯವಿದು. ಮಾತೃಭಾಷೆಯಲ್ಲೇ ಪ್ರಾಥಮಿಕ ಶಿಕ್ಷಣ ಕೊಡಬೇಕೆಂದು ಖಾಸಗಿ ಶಾಲೆಗಳ ಮೇಲೆ ರಾಜ್ಯ ಸರ್ಕಾರ ಒತ್ತಾಯ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಮೇ 6ರಂದು ತೀರ್ಪು ನೀಡಿತು. ಅಲ್ಲಿಂದಾಚೆಗೆ ಮಾಧ್ಯಮದ ಆಯ್ಕೆ ಪೂರ್ತಿಯಾಗಿ ಪೋಷಕರದ್ದು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಎಲ್ಲ ಶಾಲೆಗಳೂ ಕಲಿಸಬೇಕು, ಆದರೆ ಒಂದು ವಿಷಯವಾಗಿ ಕನ್ನಡ ಕಲಿಯುವುದು ಬೇರೆ, ಗಣಿತವನ್ನು ಕನ್ನಡದಲ್ಲಿ ಕಲಿಯುವುದು ಬೇರೆ.

ಮನೆಯಲ್ಲಿ ಯಾರೂ ಇಂಗ್ಲಿಷ್ ಆಡದಿದ್ದಾಗ ಇಂಗ್ಲಿಷ್ ಮಾಧ್ಯಮದ ಒಂದನೇ ತರಗತಿ ಹೇಗಿರುತ್ತದೆ ಎಂಬುದನ್ನು ಮಗಳ ನೋಟ್‌ಬುಕ್ಕಿನಲ್ಲಿ ಕಂಡೆ. ಬೀಜ ಮೊಳೆಯುವ ಪಾಠದ ಐದು ಪ್ರಶ್ನೆಗಳಿಗೆ ಅವಳು ದುಂಡನೆಯ ಅಕ್ಷರದಲ್ಲಿ ತಪ್ಪಿಲ್ಲದ ಉತ್ತರ ಬರೆದಿದ್ದಳು, ಪ್ರತಿಯೊಂದಕ್ಕೂ ಕೆಂಪು ಶಾಯಿಯ ರೈಟ್ ಗುರುತು ಬಿದ್ದಿತ್ತು. ಅದನ್ನೇ ಕನ್ನಡದಲ್ಲಿ ಹೇಳು ಎಂದಾಗ ಅವಳಿಗೆ ಗೊತ್ತಿರಲಿಲ್ಲ. ಹಿತ್ತಲಲ್ಲಿ ಅಜ್ಜಿ ಹಾಕಿದ್ದ ಅವರೆ ಬೀಜಕ್ಕೂ ಆ ಪಾಠಕ್ಕೂ ಸಂಬಂಧವಿದೆ ಎಂದೂ ಹೊಳೆದಿರಲಿಲ್ಲ. ಅವಳು ಪಾಠವನ್ನು ಓದಿರಲಿಲ್ಲ, ಕರಿಹಲಗೆಯ ಚಿತ್ರವನ್ನು ನಕಲು ಮಾಡಿದಂತೆ ಅಕ್ಷರಗಳನ್ನು ಇಳಿಸಿದ್ದಳು. ಮನೆಯಲ್ಲಿ ತಂದೆಯೋ ತಾಯಿಯೋ ಇಂಗ್ಲಿಷ್ ಓದಿ ಹೇಳುವಷ್ಟು ಬಲ್ಲವರಾಗಿದ್ದು, ಅದಕ್ಕೆ ದಿನವೂ ಸಮಯ ಕೊಡುವಂತಿದ್ದರೆ ಈ ತೊಡಕು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಇಲ್ಲದಿದ್ದರೆ ಆ ಸಮಯವನ್ನು ಟ್ಯೂಷನ್ನಿಗೆ ಕೊಂಡುಕೊಳ್ಳಬೇಕಾಗುತ್ತದೆ.

ಇಂಗ್ಲಿಷ್ ಬೇಕೆಂಬ ಆಸೆ ತಪ್ಪಲ್ಲ, ಅದನ್ನು ಖಾಸಗಿ ಶಾಲೆಯಲ್ಲೇ ಪೂರೈಸಿಕೊಳ್ಳಬೇಕೆಂಬ ಕಾಲವೂ ಹೋಯಿತು. 2019ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲಾಯಿತು. ಮನೆಮಾತು ಉರ್ದು ಅಥವಾ ಮರಾಠಿಯಾದರೆ ಆ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ತುಳು, ಕೊಂಕಣಿ, ಬ್ಯಾರಿ ಆಡುವ ಮಕ್ಕಳಿಗೆ ಕನ್ನಡವೂ ಹೊಸತೇ. ಅಂಥ ಕಡೆ ಶಿಕ್ಷಕಿಗೆ ಮಗುವಿನ ಮನೆಮಾತು ಬರುತ್ತದೆಯೇ ಎಂದು ಕೇಳಿಕೊಳ್ಳಿ.

ಮುಂದಿನ ಲಾಭನಷ್ಟದ ಲೆಕ್ಕವೂ ತಿಳಿದಿರಲಿ. ವೃತ್ತಿಶಿಕ್ಷಣದ ಸಿಇಟಿಯಲ್ಲಿ 1ರಿಂದ 10ನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5, ಗ್ರಾಮೀಣ ಪ್ರದೇಶದಲ್ಲಿ ಹತ್ತೂ ವರ್ಷ ಓದಿದವರಿಗೆ ಶೇ. 15 ಸೀಟುಗಳ ಮೀಸಲಾತಿ ಇದೆ. ಹತ್ತಿರದ ಪೇಟೆಯ ಕಾನ್ವೆಂಟಿಗೆ ಮಗುವನ್ನು ಎರಡು ವರ್ಷ ಕಳುಹಿಸಿ ಮತ್ತೆ ಊರಿನ ಶಾಲೆಗೆ ತಂದರೆ ಆ ಹತ್ತು ವರ್ಷದ ಸರಪಳಿ ಕಡಿದುಹೋಗುತ್ತದೆ. ಬರಿಯ ಮೀಸಲಾತಿಗಾಗಿ ಮಾಧ್ಯಮ ಆರಿಸಬೇಕೆಂದು ನಾನು ಹೇಳುವುದಿಲ್ಲ, ತಿಳಿಯದೆ ಕಳೆದುಕೊಳ್ಳಬಾರದೆಂದು ಹೇಳುತ್ತೇನೆ.

ಹೆಜ್ಜೆ 6: ಶಾಲೆಯಲ್ಲಿ ಒಂದು ಗಂಟೆ ಕೂರುವುದು

ಸರ್ಕಾರಿ ಶಾಲೆಗೆ ಹೋದಾಗ 1ರಿಂದ 3ನೇ ತರಗತಿಯ ನಲಿ-ಕಲಿ ಕೊಠಡಿಯಲ್ಲಿ ಕೂರಲು ಮುಖ್ಯಶಿಕ್ಷಕರ ಅನುಮತಿ ಕೇಳಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯನ್ನು 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಲಾಯಿತು. ಮೊದಲ ಸಲ ಒಳಗೆ ಕಾಲಿಟ್ಟವರಿಗೆ ಅದು ಗದ್ದಲದ ಸಂತೆಯಂತೆ ಕಾಣುತ್ತದೆ: ಮೂರು ತರಗತಿಯ ಮಕ್ಕಳು ಒಟ್ಟಿಗೆ, ನಾಲ್ಕೈದು ಗುಂಪು, ತಲೆಯ ಮೇಲೆ ದಾರದ ಚಪ್ಪರ, ಅದಕ್ಕೆ ತೂಗುಬಿಟ್ಟ ಮಕ್ಕಳ ಚಿತ್ರಗಳು. ಸ್ವಲ್ಪ ಹೊತ್ತು ನೋಡಿದರೆ ಕ್ರಮ ಕಾಣತೊಡಗುತ್ತದೆ. ಮಗು ಗೋಡೆಯ ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲನ್ನು ನೋಡಿಕೊಂಡು, ಅದಕ್ಕೆ ಹೊಂದುವ ಕಾರ್ಡು ತೆಗೆದುಕೊಂಡು ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಅಕ್ಷರಗಳು ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ ಎಂದು ಶುರುವಾಗುತ್ತವೆ. ಈ ಐದೇ ಅಕ್ಷರದಲ್ಲಿ ಮಗು ಸರ, ಅರಸ, ದಸರ, ಗರಗಸ ಎಂದು ಓದಿಬಿಡಬಹುದು. 'ನಮ್ಮ ಹುಡುಗನಿಗೆ ಇನ್ನೂ ಅಆಇಈ ಹೇಳಿಕೊಟ್ಟಿಲ್ಲ' ಎಂದು ಶಿಕ್ಷಕಿಯೊಡನೆ ಜಗಳಕ್ಕೆ ಹೋಗುವ ಪೋಷಕರನ್ನು ಕಂಡಿದ್ದೇನೆ. ಅವರಲ್ಲಿ ನನ್ನ ಅಪ್ಪನೂ ಒಬ್ಬರು.

ಆದರೆ ಈ ಪದ್ಧತಿ ನಿಂತಿರುವುದು ಶಿಕ್ಷಕಿಯ ಮೇಲೆ. ಕಾಯ್ದೆಯಂತೆ 1ರಿಂದ 5ನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು. ಇಬ್ಬರಲ್ಲಿ ಒಬ್ಬರು ತರಬೇತಿಗೋ ಚುನಾವಣೆಯ ಕೆಲಸಕ್ಕೋ ಹೋದ ದಿನ ಐದೂ ತರಗತಿ ಒಬ್ಬರ ಪಾಲಿಗೆ ಬರುತ್ತವೆ. ಆದ್ದರಿಂದ ಹುದ್ದೆ ಎಷ್ಟು, ಇರುವವರು ಎಷ್ಟು, ಅವರಲ್ಲಿ ಅತಿಥಿ ಶಿಕ್ಷಕರು ಎಷ್ಟು ಎಂದು ಕೇಳಿ. ನಂತರ ನಾಲ್ಕನೇ ತರಗತಿಯ ಒಂದು ಮಗುವಿನ ಕೈಗೆ ಎರಡನೇ ತರಗತಿಯ ಪುಸ್ತಕ ಕೊಟ್ಟು, ಮುಖ್ಯಶಿಕ್ಷಕರ ಎದುರಿನಲ್ಲೇ, ಒಂದು ಪುಟ ಓದಲು ಹೇಳಿ. ಸರಾಗವಾಗಿ ಓದಿ ತನ್ನ ಮಾತಿನಲ್ಲಿ ಹೇಳಿದರೆ ಶಾಲೆ ಚೆನ್ನಾಗಿದೆ ಎಂದರ್ಥ. ಊಟದ ಹೊತ್ತಿಗೆ ಅಲ್ಲೇ ಇದ್ದರೆ ಸಾಂಬಾರಿನ ರುಚಿ ನೋಡಿ. ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಸರಿಯಾಗಿ ಬರುತ್ತಿದೆಯೇ ಎಂದು ಮಕ್ಕಳನ್ನೇ ಕೇಳಿ. ಶೌಚಾಲಯಕ್ಕೆ ಚಿಲಕ, ನೀರು ಎರಡೂ ಇವೆಯೇ ನೋಡಿ. ಪೋಷಕರದ್ದೇ ಬಹುಮತವಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಕಳೆದ ಸಲ ಯಾವಾಗ ಸೇರಿತ್ತು ಎಂಬ ಪ್ರಶ್ನೆಗೆ ತಡವರಿಸದೆ ಉತ್ತರ ಬಂದರೆ, ನಿಮ್ಮ ಮಾತು ಮುಂದೆ ಅಲ್ಲಿ ನಡೆಯುತ್ತದೆ.

ಖಾಸಗಿ ಶಾಲೆಯಲ್ಲಿ ತೋರಿಸುವ ಕಂಪ್ಯೂಟರ್ ಕೊಠಡಿಯನ್ನು ನೋಡಿದಂತೆ ಮಾಡಿ ಮುಂದೆ ಸಾಗಿ. ಒಂದನೇ ತರಗತಿಯ ಶಿಕ್ಷಕಿ ಎಷ್ಟು ವರ್ಷದಿಂದ ಇದ್ದಾರೆ, ಅವರು ಡಿ.ಎಡ್. ಮಾಡಿದ್ದಾರೆಯೇ, ಕಳೆದ ವರ್ಷ ಎಷ್ಟು ಮಂದಿ ಕೆಲಸ ಬಿಟ್ಟರು ಎಂದು ಕೇಳಿ. ನಮ್ಮ ಮಗಳಿಗೆ ಒಂದೇ ವರ್ಷದಲ್ಲಿ ಮೂವರು ಕ್ಲಾಸ್ ಟೀಚರ್ ಬದಲಾದರು. ಚೀಲದ ತೂಕವನ್ನೂ ಕೇಳಬೇಕು. 2019ರ ರಾಜ್ಯ ಆದೇಶದಂತೆ 1 ಮತ್ತು 2ನೇ ತರಗತಿಯ ಚೀಲ ಒಂದೂವರೆಯಿಂದ ಎರಡು ಕಿಲೋ ಮೀರಬಾರದು. ಅನುಮಾನ ಬಂದು ಮಗಳ ಚೀಲವನ್ನು ಬೀದಿಯ ಕೊನೆಯ ದಿನಸಿ ಅಂಗಡಿಯ ತಕ್ಕಡಿಗೆ ಇಟ್ಟೆವು. ನೀರಿನ ಬಾಟಲಿ ತೆಗೆದಿಟ್ಟ ಮೇಲೂ 4 ಕಿಲೋ 300 ಗ್ರಾಂ ತೋರಿಸಿತು. ಅಂಗಡಿಯವರು 'ಅಕ್ಕಿ ಆಗಿದ್ರೆ ವಾರಕ್ಕೆ ಸಾಕಿತ್ತು' ಎಂದು ನಕ್ಕರು.

ಹೆಜ್ಜೆ 7: ಮನೆಯಲ್ಲೇ ಕಲಿಸುವ ಯೋಚನೆ ಇದ್ದರೆ

ಶಿಕ್ಷಣ ಹಕ್ಕು ಕಾಯ್ದೆಯ 10ನೇ ಕಲಮು 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ, ಸೇರಿಸದಿದ್ದರೆ ದಂಡವೆಂದು ಎಲ್ಲಿಯೂ ಹೇಳುವುದಿಲ್ಲ. ಮನೆಶಿಕ್ಷಣವನ್ನು ಅದು ನಿಷೇಧಿಸಿಲ್ಲ, ಶಾಲೆಗೆ ಸಮಾನವೆಂದು ಮಾನ್ಯ ಮಾಡಿಯೂ ಇಲ್ಲ. ಬಹುವಿಧ ಅಥವಾ ತೀವ್ರ ಅಂಗವೈಕಲ್ಯವಿರುವ ಮಕ್ಕಳ ಮಾತು ಮಾತ್ರ ಬೇರೆ: 2012ರ ತಿದ್ದುಪಡಿಯಿಂದ ಅವರಿಗೆ ಗೃಹಾಧಾರಿತ ಶಿಕ್ಷಣ ಪಡೆಯುವ ಹಕ್ಕೇ ಇದೆ. ಅಂಥ ಮಗುವಿದ್ದರೆ ಬಿಇಒ ಕಚೇರಿಯಲ್ಲಿ ವಿಶೇಷ ಸಂಪನ್ಮೂಲ ಶಿಕ್ಷಕರನ್ನು ಕೇಳಿ, ಮಗುವಿನ ಹೆಸರನ್ನು ಹತ್ತಿರದ ಶಾಲೆಯಲ್ಲಿ ದಾಖಲಿಸಿಯೇ ಮನೆಯಲ್ಲಿ ಕಲಿಸಲು ಸಾಧ್ಯವಿದೆ.

ಉಳಿದವರು ದಾಖಲೆಯ ವಿಷಯವನ್ನು ಮೊದಲು ಯೋಚಿಸಬೇಕು. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್, 3, 5 ಮತ್ತು 8ನೇ ತರಗತಿಗೆ ಸಮಾನವಾದ ಎ, ಬಿ, ಸಿ ಹಂತಗಳನ್ನೂ, 14 ವರ್ಷ ತುಂಬಿದವರಿಗೆ ಹತ್ತನೇ ತರಗತಿಯ ಪರೀಕ್ಷೆಯನ್ನೂ ನಡೆಸುತ್ತದೆ. ಆದರೆ ಸಿಇಟಿಗೆ ಬಹುತೇಕರು ಅರ್ಹರಾಗುವ ಕಲಮಿನಂತೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ಪೂರ್ಣ ವರ್ಷ ಕರ್ನಾಟಕದ ಮಾನ್ಯ ಶಾಲೆ, ಕಾಲೇಜಿನಲ್ಲಿ ಓದಿದ ವ್ಯಾಸಂಗ ಪ್ರಮಾಣಪತ್ರ ಬೇಕು. ಐದನೇ ತರಗತಿವರೆಗೆ ಮನೆಯಲ್ಲಿ ಕಲಿತು ಆರಕ್ಕೆ ಶಾಲೆ ಸೇರಿದರೆ 12ರ ಹೊತ್ತಿಗೆ ಸರಿಯಾಗಿ ಏಳು ವರ್ಷವಾಗುತ್ತದೆ. ಒಂದು ವರ್ಷ ತಡವಾದರೂ ತಪ್ಪುತ್ತದೆ. ವಯಸ್ಸಿಗೆ ತಕ್ಕ ತರಗತಿಗೆ ನೇರವಾಗಿ ಸೇರಿಸಿಕೊಳ್ಳಬೇಕೆಂದು ಕಾಯ್ದೆಯ 4ನೇ ಕಲಮು ಹೇಳುವುದರಿಂದ, ಹಿಂತಿರುಗುವ ಬಾಗಿಲು ತೆರೆದೇ ಇದೆ.

ಯಾರಿಗೆ ಇದು ಒಗ್ಗುತ್ತದೆ? ತಂದೆ ಅಥವಾ ತಾಯಿ ಹಗಲು ಪೂರ್ತಿ ಮನೆಯಲ್ಲಿರಬೇಕು, ಕಲಿಸುವ ತಾಳ್ಮೆ ಇರಬೇಕು, ಓರಗೆಯ ಮಕ್ಕಳು ದಿನವೂ ಆಡಲು ಸಿಗಬೇಕು. ಮೂರರಲ್ಲಿ ಒಂದು ಇಲ್ಲವಾದರೂ ಬೇಡ ಎಂಬುದು ನನ್ನ ಅಭಿಪ್ರಾಯ. ಶಾಲೆಯೊಂದರ ಮೇಲಿನ ಸಿಟ್ಟಿನಿಂದ ಈ ದಾರಿ ಹಿಡಿದವರು ಆರು ತಿಂಗಳಲ್ಲಿ ಸುಸ್ತಾಗಿ ಮರಳಿದ್ದನ್ನು ನೋಡಿದ್ದೇನೆ. ನಿಜವಾಗಿ ಯೋಚನೆ ಇದ್ದರೆ ಒಂದು ಬೇಸಿಗೆ ರಜೆಯಲ್ಲಿ, ದಿನಕ್ಕೆ ಎರಡು ಗಂಟೆ, ಒಂದು ದಿನವೂ ತಪ್ಪಿಸದೆ ಕಲಿಸಿ ನೋಡಿ. 'ಕಲಿಕಾ ಕೇಂದ್ರ' ಎಂಬ ಹೆಸರಿನಲ್ಲಿ ಮನೆಶಿಕ್ಷಣದ ಮಕ್ಕಳನ್ನು ಸೇರಿಸಿಕೊಂಡು ಶಾಲೆಯಷ್ಟೇ ಶುಲ್ಕ ಪಡೆಯುವ ಕಡೆ, ವರ್ಷದ ಕೊನೆಗೆ ಯಾವ ಪ್ರಮಾಣಪತ್ರ ಕೊಡುತ್ತೀರಿ ಎಂದು ಬರಹದಲ್ಲಿ ಕೇಳಿ.

ಹೆಜ್ಜೆ 8: ಸೇರಿಸಿದ ಮೇಲೆ

ಮೊದಲ ಮೂರು ತಿಂಗಳು ಅಂಕ ನೋಡಬೇಡಿ. ಮಗು ಬೆಳಗ್ಗೆ ಹೊಟ್ಟೆನೋವು ಎನ್ನುತ್ತದೆಯೇ, ಶಿಕ್ಷಕಿಯ ಹೆಸರನ್ನು ತಾನಾಗಿ ಎತ್ತುತ್ತದೆಯೇ, ಶಾಲೆಯ ಹಾಡನ್ನು ಮನೆಯಲ್ಲಿ ಗುನುಗುತ್ತದೆಯೇ ಎಂಬುದನ್ನು ಗಮನಿಸಿ. ದಸರೆ ರಜೆಯ ಹೊತ್ತಿಗೂ ಹೊಂದಿಕೊಳ್ಳದಿದ್ದರೆ ಶಿಕ್ಷಕಿಯೊಡನೆ ಕುಳಿತು ಮಾತನಾಡಿ. ವರ್ಷದ ಕೊನೆಗೂ ಹಾಗೆಯೇ ಇದ್ದರೆ ಶಾಲೆ ಬದಲಿಸಲು ಹಿಂಜರಿಯಬೇಡಿ.

ಬದಲಿಸುವಾಗ ವರ್ಗಾವಣೆ ಪತ್ರವನ್ನು, ನಾವೆಲ್ಲ ಟಿಸಿ ಎನ್ನುವುದನ್ನು, ಕೂಡಲೇ ಕೊಡಬೇಕೆಂದು ಕಾಯ್ದೆಯ 5ನೇ ಕಲಮು ಹೇಳುತ್ತದೆ, ಮತ್ತು ಟಿಸಿ ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ನಮ್ಮ ಹಳೆಯ ಶಾಲೆ ಮುಂದಿನ ವರ್ಷದ ಮೊದಲ ಕಂತು ಕಟ್ಟಿದರೆ ಮಾತ್ರ ಟಿಸಿ ಎಂದು ಹಟ ಹಿಡಿಯಿತು. ಜಗಳವಾಡದೆ, ಅರ್ಜಿಯನ್ನು ಎರಡು ಪ್ರತಿ ಮಾಡಿ ಒಂದಕ್ಕೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು, ಅದರ ನಕಲನ್ನು ಬಿಇಒ ಕಚೇರಿಗೆ ಕೊಟ್ಟೆವು. ನಾಲ್ಕನೇ ದಿನ ಫೋನ್ ಬಂತು. ಟಿಸಿ ಕೈಗೆ ಬಂದೊಡನೆ ಅಲ್ಲೇ ನಿಂತು ಮಗುವಿನ ಹೆಸರಿನ ಕಾಗುಣಿತ, ಹುಟ್ಟಿದ ದಿನ, ಮಾಧ್ಯಮ, ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಸ್ಯಾಟ್ಸ್ ಸಂಖ್ಯೆ ಈ ನಾಲ್ಕನ್ನೂ ಓದಿಕೊಳ್ಳಿ. ನಮ್ಮದರಲ್ಲಿ ಹುಟ್ಟಿದ ತಿಂಗಳು ತಪ್ಪಾಗಿತ್ತು. ಗುಮಾಸ್ತರು ಮೇಜಿನ ಖಾನೆಯಿಂದ ಇನ್ನೊಂದು ಹಾಳೆ ತೆಗೆದು ಹೊಸದಾಗಿ ಬರೆದುಕೊಟ್ಟರು.